ಹಿದುಕಿದ ಬೇಳೆ, ವೇಕ್‌ಫೀಲ್ಡ್

ನವೆಂಬರಿನಲ್ಲಿ ಬಿತ್ತಿದ್ದು. ಹಿತ್ತಲೆಂದರೆ
ಹನ್ನೊಂದು ಹೆಜ್ಜೆ, ಕಸದ ಮೂರು ಡಬ್ಬಿ,
ಹಿಂದಿನ ಬಾಡಿಗೆಯವರು ಬಿಟ್ಟುಹೋದ ಸ್ನಾನದ ತೊಟ್ಟಿ.
ತೊಟ್ಟಿಗೆ ಮಣ್ಣು ತುಂಬಿ, ಗೇಣಿಗೊಂದರಂತೆ
ಬೆರಳಿನ ಎರಡು ಗೆಣ್ಣು ಆಳಕ್ಕೆ ಕಾಳೂರಿ
ಬಸ್ಸು ಓಡಿಸಲು ಹೋದೆ.

ಬ್ರಾಡ್ ಬೀನ್ಸ್. ಅವರೆಯ ದೂರದ ದಾಯಾದಿ.
ಚಳಿಗಾಲವಿಡೀ ಸುಮ್ಮನಿತ್ತು, ನಾಲ್ಕೆಲೆಯಲ್ಲಿ,
ಹಿಮ ಬಿದ್ದರೆ ಮಲಗಿ, ಕರಗಿದರೆ ಎದ್ದು.
ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿದ ವಾರ
ಮೊಣಕಾಲಿಗೆ ಬಂತು.

ಗೋಡೆಯಾಚೆಯ ಆಡ್ಸ್‌ಲಿ ಮುದುಕ
ಸಲಿಕೆಯ ಮೇಲೇ ದಾಟಿಸಿದ ರೂಬಾರ್ಬ್ ಗಡ್ಡೆ:
"ಎಲೆ ತಿನ್ನಬೇಡ, ವಿಷ. ದಂಟಷ್ಟೇ.
ಮೊದಲ ವರ್ಷ ಅದನ್ನೂ ಮುಟ್ಟಬೇಡ."

ಮೂಲಂಗಿ ಮೊದಲು ಬಂತು. ಇಲ್ಲಿಯವರು
ಗಡ್ಡೆ ಇಟ್ಟುಕೊಂಡು ಸೊಪ್ಪು ಎಸೆಯುತ್ತಾರೆ;
ನಾನು ಸೊಪ್ಪಿಗಾಗಿಯೇ ಬಿತ್ತಿದವನು.
ಹೆಸರುಬೇಳೆ ಹಾಕಿ, ಬೆಳ್ಳುಳ್ಳಿ ಜಜ್ಜಿ
ಕಾತ್ಯಾಯಿನಿಯ ಡಬ್ಬಿಗೆ ತುಂಬಿದೆ.
ಫ್ರಿಜ್ಜಿನ ಮೇಲೆ ಚೀಟಿ:
"ಬಿಸಿ ಮಾಡಿದ್ದಕ್ಕೆ ವಾರ್ಡಿನ ಕಿಟಕಿಯೆಲ್ಲ ತೆಗೆದರು.
ನಾಳೆಯೂ ಇದನ್ನೇ ಹಾಕು."

ಅವಳದು ರಾತ್ರಿ ಪಾಳಿ, ನನ್ನದು ಬೆಳಗಿನ ಐದಕ್ಕೆ.
ಅವಳು ಬಿಟ್ಟ ಹಾಸಿಗೆಯಲ್ಲಿ ನಾನು,
ನಾನು ಬಿಟ್ಟದ್ದರಲ್ಲಿ ಅವಳು.
ನಡುವೆ ಈ ಚೀಟಿಗಳು:
"ಹಾಲು ಮುಗಿದಿದೆ." "ಬಾಯ್ಲರಿನವನು ಬರಲಿಲ್ಲ."
"ಹೂ ಬಿಟ್ಟಿದೆ! ಬಿಳಿ ಹೂವಿಗೆ ಕಾಡಿಗೆ ಯಾರು ತೀಡಿದ್ದು?"

ಕಾಡಿಗೆಯ ಹಿಂದೆಯೇ ಕರಿಹೇನು.
ಕುಡಿಕುಡಿಗೂ ಎಳ್ಳು ಮೆತ್ತಿದ ಹಾಗೆ.
"ತಲೆ ಚಿವುಟಿಬಿಡು," ಎಂದ ಆಡ್ಸ್‌ಲಿ.
ಬೆಳೆಯುತ್ತಿರುವುದರ ತಲೆಯನ್ನೇ?
ಎರಡು ದಿನ ಕೈ ಬರಲಿಲ್ಲ. ಮೂರನೆಯ ದಿನ ಚಿವುಟಿದೆ,
ಹೇನು ಹತ್ತದ ಕುಡಿಗಳನ್ನು ಆರಿಸಿ, ಬೇಯಿಸಿ, ಬಸಿದು
ಬಸ್ಸಾರು ಮಾಡಿದೆ.
ಬಸ್ಸಿನವನ ಮನೆಯಲ್ಲಿ ಬಸ್ಸಾರು:
ಹನ್ನೆರಡು ವರ್ಷದ ಹಳೆಯ ಜೋಕು,
ಅವಳು ಚೀಟಿಯಲ್ಲೂ ನಕ್ಕಳು.

ಜೂನಿನ ಮೊದಲ ಭಾನುವಾರ ಇಬ್ಬರಿಗೂ ರಜೆ.
ಕಾಯಿ ಕಿತ್ತೆವು, ಒಂದು ಬಕೆಟ್ಟು.
ಮೂಗಿಗೆ ಹಿಡಿದು ತಲೆಯಾಡಿಸಿದಳು: ಸೊಗಡಿಲ್ಲ.
ಮಾಲೂರಿನ ಸಂತೆಯಲ್ಲಿ ರಾಶಿಯ ಮುಂದೆ ನಿಂತರೇ
ಬಟ್ಟೆಗೆ ಹತ್ತುತ್ತಿದ್ದ ಆ ಜಿಡ್ಡು ಘಮ
ಇದಕ್ಕೆಲ್ಲಿಂದ ಬರಬೇಕು.
ಆದರೆ ಸುಲಿದರೆ ಒಳಗೆ ಹತ್ತಿಯ ಹಾಸಿಗೆ,
ಅವರೆ ಕಂಡರಿಯದ ಭೋಗ.
"ನಮಗಿಂತ ಚೆನ್ನಾಗಿ ಮಲಗಿದ್ದಾವೆ," ಎಂದಳು.

ಕುದಿನೀರಲ್ಲಿ ಎರಡು ನಿಮಿಷ, ತಣ್ಣೀರಲ್ಲಿ ಒಂದು ಮುಳುಗು.
ಉಗುರಲ್ಲಿ ತುದಿ ಗೀರಿ ಹಿದುಕಿದರೆ
ಪಚಕ್ಕನೆ ಹಾರಿತು ಮೊದಲ ಬೇಳೆ
ನನ್ನ ಕನ್ನಡಕಕ್ಕೆ.
ಮಧ್ಯಾಹ್ನವೆಲ್ಲ ಹಿದುಕಿದೆವು.
ಚೀಟಿಯಲ್ಲಿ ಹಿಡಿಸದ ಎಷ್ಟೋ ಮಾತು ಬಂತು;
ಒಂದೆರಡಕ್ಕೆ ಅವಳು ತಲೆ ಎತ್ತಲಿಲ್ಲ,
ಒಂದಕ್ಕೆ ನಾನು.

ಒಂದು ಬಕೆಟ್ ಕಾಯಿ ಒಂದು ಸೇರು ಕಾಳಾಗಿ
ಒಂದು ಬಟ್ಟಲು ಬೇಳೆಯಾಯಿತು.
ಏಳು ತಿಂಗಳ ಬೆಳೆ, ಇಬ್ಬರಿಗೆ ಒಂದು ಹೊತ್ತು.
ಕಾಯಿ ರುಬ್ಬಿ, ಸಬ್ಬಸಿಗೆ ಹೆಚ್ಚಿ ಹಾಕಿ,
ಹುಳಿಗೆ ನೋಡಿದರೆ ಹುಣಸೆಯ ಡಬ್ಬಿ ಖಾಲಿ.
ಆಡ್ಸ್‌ಲಿಯ ಕಿಟಕಿಯ ಪರದೆ ಮುಚ್ಚಿತ್ತು.
ಮುಟ್ಟಿದೆ. ಒಂದೇ ದಂಟು.

ಸಾರು ಚೆನ್ನಾಗಿತ್ತು. ಅವರೆಯದಾಗಿರಲಿಲ್ಲ.
ಎರಡನೆಯ ಸಲ ಬಡಿಸಿಕೊಂಡೆವು.

ಸಿಪ್ಪೆಯ ಕರೆ ಬೆರಳಿಂದ ಹೋಗುವುದಿಲ್ಲ.
ಆಸ್ಪತ್ರೆಯ ಸೋಪಿಗೂ ಹೋಗಿಲ್ಲವಂತೆ.
ಮಂಗಳವಾರದ ಚೀಟಿ, ಎರಡೂ ಬದಿ ಬರೆದದ್ದು:

"ಒಂಬತ್ತನೇ ಮಂಚದ ಅಜ್ಜಿ ನಾಲ್ಕು ದಿನದಿಂದ
ಬಾಯಿ ತೆರೆದಿರಲಿಲ್ಲ. ರಾತ್ರಿ ನನ್ನ ಬೆರಳು ಹಿಡಿದು ನೋಡಿ
'ಬೀನ್ಸ್ ಸುಲಿದೆಯಾ' ಅಂದಳು.
ಹೂಂ, ಒಳಸಿಪ್ಪೆಯನ್ನೂ, ಅಂದೆ.
'ಒಳಸಿಪ್ಪೆಯನ್ನೂ! ನಿಮಗೆ ಬೇರೆ ಕೆಲಸವಿಲ್ಲವಾ?'
ಬೈದು, ಅರ್ಧ ಲೋಟ ಚಹಾ ಕುಡಿದಳು.
ತೊಟ್ಟಿಗೆ ನೀರು ಹಾಕಿದ್ದೀನಿ.
ನಲ್ಲಿಯ ಕಡೆಯ ಗಿಡದಲ್ಲಿ ಐದು ಕಾಯಿ ಉಳಿದಿವೆ.
ಕೀಳಬೇಡ. ಬೀಜಕ್ಕೆ."