ಒಂದನೇ ಪಂಚ

ಠಾಣೆಯ ಎದುರಿಗೇ ಅಂಗಡಿ ಇಟ್ಟವನ ಕರ್ಮ ಇದು:
ಊರಲ್ಲಿ ಯಾರು ಸತ್ತರೂ ನನಗೊಂದು ಕೂಗು.
'ಪಾಂಡುರಂಗರಾಯರೇ, ಒಂದು ಸಹಿ.'
ಕೊರಳಲ್ಲಿ ಟೇಪು ನೇತಾಡುತ್ತಿರುವಾಗಲೇ ಜೀಪು ಹತ್ತುತ್ತೇನೆ.
ಒಂದನೇ ಪಂಚ ನಾನು. ಎರಡನೆಯವನು
ಪಕ್ಕದ ಸೈಕಲ್ ಶಾಪಿನ ಮುನೀರ,
ಹೆಣ ಕಂಡರೆ ಆಕಾಶ ನೋಡುತ್ತಾನೆ, ಸಹಿ ಮಾತ್ರ ದುಂಡಗೆ.

ನಲವತ್ತು ಮಹಜರು ಆಗಿವೆ ಹೀಗೆ.
ಬಿತ್ತನೆ ಆಲೂಗಡ್ಡೆಯ ಮೂಟೆಗಳ ನಡುವೆ ಒಬ್ಬ,
ಬಸ್‌ಸ್ಟ್ಯಾಂಡ್ ಲಾಡ್ಜಿನ ಹನ್ನೆರಡನೇ ರೂಮಿನಲ್ಲಿ ಇಬ್ಬರು.
ಕೋರ್ಟಿನಲ್ಲಿ ವಕೀಲರು ನನ್ನನ್ನು
'ಪೊಲೀಸರ ಖಾಯಂ ಗಿರಾಕಿ' ಎಂದು ಹಂಗಿಸುತ್ತಾರೆ.
ಇನ್ಸ್‌ಪೆಕ್ಟರ್ ಬೋರಲಿಂಗಯ್ಯ ಮಾತ್ರ ಪ್ರತಿ ಸಲ
ಹೊಸಬನಿಗೆ ಹೇಳುವ ಹಾಗೆ ಹೇಳುತ್ತಾರೆ:
'ಕಂಡಿದ್ದು ಹೇಳಿ. ಅನ್ಸಿದ್ದು ಬ್ಯಾಡ.'

ನಲವತ್ತೊಂದನೆಯದು ಸಂತೇಪೇಟೆ ಹಿಂದಿನ ಚರಂಡಿ ಪಕ್ಕ.
ಬೆಳಗಿನ ಆರೂವರೆ, ಮಂಜು.
ರೈಟರು ಮಂಡಿಯ ಮೇಲೆ ಪ್ಯಾಡ್ ಇಟ್ಟು ಬರೆದ:
ಗಂಡಸು, ಸುಮಾರು ಮೂವತ್ತೈದು, ಕೋಲುಮುಖ,
ಎಣ್ಣೆಗೆಂಪು ಮೈಬಣ್ಣ, ತಲೆಯ ಹಿಂದೆ ಎರಡಿಂಚು ಗಾಯ.
ಆಕಾಶನೀಲಿ ಅಂಗಿ. ಕಾಲರಿನ ಪಟ್ಟಿ ಕತ್ತರಿಸಿದೆ.
ಜೇಬು ಖಾಲಿ. ಹೆಸರಿಲ್ಲ.

ನಾನು ಹೆಸರು ನೋಡುವವನಲ್ಲ, ಹೊಲಿಗೆ ನೋಡುವವನು.
ಮೇಲಿನಿಂದ ಮೂರನೇ ಗುಂಡಿ.
ಉಳಿದವಕ್ಕೆಲ್ಲ ಬಿಳಿ ದಾರ, ಅದೊಂದಕ್ಕೆ ಕಂದು.
ನಾಲ್ಕು ಕಣ್ಣಿಗೆ ಕೋಳಿಕಾಲು:
ಒಂದು ಕಣ್ಣಿನಿಂದ ಮೂರಕ್ಕೆ ಹರಡಿದ ಬೆರಳು.
ಒಳಗಿನ ಬನಿಯನ್ನೂ ಕಚ್ಚಿಕೊಂಡಿತ್ತು ದಾರ.
ಮೈಮೇಲಿದ್ದಾಗಲೇ ಹೊಲಿದದ್ದು.

ಮೈಮೇಲಿನ ಬಟ್ಟೆ ಹೊಲಿಯಬಾರದು ಎನ್ನುತ್ತಿದ್ದಳು ಅಮ್ಮ;
ಹೊಲಿಯಲೇಬೇಕಾದರೆ ಹಲ್ಲಲ್ಲಿ ಏನಾದರೂ ಕಚ್ಚಿಸುತ್ತಿದ್ದಳು,
ಹುಲ್ಲುಕಡ್ಡಿಯೋ, ದಾರವೋ.
ಇವನ ಬಾಯಿ ನೋಡಿದೆ.
ಕೆಳತುಟಿಯ ಒಳಗೆ ಕಂದು ದಾರದ ಚೂರು.

'ಇನ್ನೇನಾರ ಕಾಣ್ತಾ ರಾಯರೇ?'
'ಇಲ್ಲ ಸಾರ್.'
ಸಹಿ ಹಾಕಿದೆ. ಹಿಂದಿನ ನಲವತ್ತಕ್ಕಿಂತ
ಒಂದು ಚೂರು ಚಿಕ್ಕದಾಗಿ ಬಂತು.

ನಾಲ್ಕು ದಿನ ಬಿಟ್ಟು, ಅಂಗಡಿ ಮುಚ್ಚುವ ಹೊತ್ತಿಗೆ
ಬೋರಲಿಂಗಯ್ಯ ಬಂದರು, ಟೋಪಿ ಇಲ್ಲದೆ.
ಕೈಯಲ್ಲಿ ಖಾಕಿ ಅಂಗಿ.
'ಒಂದು ಗುಂಡಿ ಹಾಕ್ಕೊಡಿ. ಅವಸರವಿಲ್ಲ.'
ಸ್ಟೂಲಿನ ಮೇಲೆ ಕೂತು ನನ್ನ ಕೈ ನೋಡಿದರು.
ಕೈಗೆ ಸುಳ್ಳು ಹೇಳಲು ಬರುವುದಿಲ್ಲ,
ಮೂವತ್ತೆಂಟು ವರ್ಷ ಒಂದೇ ದಾರಿ ನಡೆದದ್ದು.
ಮುಗಿಸಿ ನೋಡಿದರೆ
ಖಾಕಿಯ ಮೇಲೆ ಕೋಳಿಕಾಲು.

'ಅವಳ ತಮ್ಮನ ಆಟೋ ಸಿಕ್ಕಿದೆ,' ಎಂದರು.
'ಹೊಲಿದೋರು ಯಾರು ಅನ್ನೋದೊಂದು ಬಾಕಿ ಇತ್ತು.
ಇದು ಊರಲ್ಲಿ ಎಷ್ಟು ಜನಕ್ಕೆ ಬರುತ್ತೆ?'

ಬೇಲೂರಿನ ಬಸ್ಸು ಹಾದುಹೋಯಿತು.
'ನನಗೆ,' ಎಂದೆ.
ಅವರು ಕಾದರು. ಅವರ ಕೆಲಸವೆಲ್ಲ ಅಷ್ಟೇ, ಕಾಯುವುದು.

'ಜಯಶೀಲಳಿಗೆ. ಮೂರು ವರ್ಷ ಇದೇ ಸ್ಟೂಲಿನ ಮೇಲೆ ಕಲಿತಳು,
ಸೂಜಿ ಚುಚ್ಚಿಕೊಂಡು ಬೆರಳು ಚೀಪುತ್ತಾ.
ಮದುವೆಯ ರವಿಕೆ ನಾನೇ ಹೊಲಿದುಕೊಟ್ಟೆ.
ಆಮೇಲೊಮ್ಮೆ ಬಂದಿದ್ದಳು, ತೋಳು ಉದ್ದ ಇಡಿ ಅಂತ,
ಮೊಣಕೈ ಮುಚ್ಚುವ ಹಾಗೆ.
ಅಳತೆ ತೆಗೆದವನು ನಾನು ಸಾರ್.
ಕಂಡದ್ದು ಕಂಡೆ.
ಅಳತೆ ಮಾತ್ರ ಬರೆದುಕೊಂಡೆ.'

ಬೋರಲಿಂಗಯ್ಯ ಏನೂ ಬರೆದುಕೊಳ್ಳಲಿಲ್ಲ.
ಅಂಗಿ ಮಡಚಿ, ಹತ್ತರ ನೋಟೊಂದು ಮೇಜಿನ ಮೇಲಿಟ್ಟರು.
'ನಾಳೆ ಹತ್ತು ಗಂಟೆಗೆ ಅವಳ ಮನೆ ಮಹಜರು.
ನೀವು ಬರೋದು ಬ್ಯಾಡ. ಬೇರೆಯೋರ್ನ ಕರೀತೀನಿ.'

ಮರುದಿನ ಜೀಪು ಹತ್ತಿದ್ದು ಮುನೀರ, ಜೊತೆಗೆ ಕ್ಷೌರದಂಗಡಿಯ ಹುಡುಗ.
ನಾನು ಯಾರದೋ ಅಂಗಿಯ ಮೂರನೇ ಗುಂಡಿಗೆ
ರೆಡಿಮೇಡಿನ ಹಾಗೆ ಎರಡು ನೇರ ಗೆರೆ ಹಾಕುತ್ತಾ ಕೂತೆ.
ಎರಡು ಸಲ ಬಿಚ್ಚಬೇಕಾಯಿತು.