ಜೋಡು

ಮೊಳೆ ಅರ್ಧ ಬೆರಳುದ್ದ ಇತ್ತು.
ದೊಮಿತಿಲಾ ಬಲಗಾಲಿನ ಚಪ್ಪಲಿ ಬಿಚ್ಚಿ ಕೊಟ್ಟು
ಅಟ್ಟೆ ಸವೆದಿದೆ, ನೋಡು ಇಲಾರಿಯೊ, ಅಂದಳು.
ಅಟ್ಟೆ ಸವೆದಿರಲಿಲ್ಲ. ಮೊಳೆ ನೆಟ್ಟಗೆ ಒಳಹೊಕ್ಕಿತ್ತು,
ತುದಿಯಲ್ಲಿ ಒಣಗಿದ ಕಪ್ಪು.
ಅದರ ಮೇಲೆ ಎಷ್ಟು ದಿನ ನಡೆದಳೋ.
ನೋವು ಅವಳ ಪಾದ ಖಾಲಿ ಮಾಡಿ ವರ್ಷವಾಗಿತ್ತು,
ಹೇಳದೆ ಕೇಳದೆ ಹೋದ ಬಾಡಿಗೆದಾರನಂತೆ.

ಇಕ್ಕಳದಲ್ಲಿ ಕಿತ್ತೆ. ತೇಪೆ ಹಾಕಿದೆ.
ಹದಿನೈದು ಪೆಸೊ ತೆಗೆದುಕೊಂಡೆ.
ಏನೂ ಹೇಳಲಿಲ್ಲ.

ಎಕತೆಪೆಕ್‌ನ ಈ ಗುಡ್ಡದ ಬುಡದಲ್ಲಿ
ಮೂವತ್ತೊಂದು ವರ್ಷದಿಂದ ಹೊಲಿಯುತ್ತ ಕೂತಿದ್ದೇನೆ,
ಸೋಡಾ ಸೀಸೆಗಳ ಖಾಲಿ ಕ್ರೇಟಿನ ಮೇಲೆ.
ಮುಖಕ್ಕಿಂತ ಮೊದಲು ಅಟ್ಟೆ ನೋಡುತ್ತೇನೆ.
ಮೆಟ್ಟಿಲಿಳಿದು ಬರುವವರದು ಹಿಮ್ಮಡಿಯ ಹೊರಗೆ ಸವೆತ,
ರಾತ್ರಿ ಪಾಳಿ ನಿಂತೇ ಮುಗಿಸುವವರದು ನಡುವೆ ಕುಸಿತ.
ಆಚೆಯ ಬಡಾವಣೆಯಿಂದ, ಮರಗಳಿರುವ ಕಡೆಯಿಂದ,
ಕೆಲಸದವಳ ಚೀಲದಲ್ಲಿ ಬರುವ ಓಟದ ಬೂಟು
ಸುತ್ತಲೂ ಸಮನಾಗಿ ಸವೆದಿರುತ್ತದೆ.
ಅದರ ಗೀರುಗಳಲ್ಲಿ ಕೆಮ್ಮಣ್ಣು, ಒಮ್ಮೊಮ್ಮೆ ಹುಲ್ಲು.
ನಮ್ಮವರ ಗೀರುಗಳಲ್ಲಿ ಗಾಜು.

ದವಾಖಾನೆಯ ಹುಡುಗಿ ಇತ್ಸೆಲ್ ಒಳ್ಳೆಯವಳು.
ಬೆರಳು ಚುಚ್ಚಿ, ಯಂತ್ರ ನೋಡಿ, ಹೇಳುತ್ತಾಳೆ:
ಬಾಯಿ ಕಟ್ಟಿ. ದಿನಾ ಅರ್ಧ ಗಂಟೆ ನಡೆಯಿರಿ.

ಬಾಯಿ ಕಟ್ಟಬಹುದು.
ನೀರಿನ ಟ್ಯಾಂಕರ್ ಗುರುವಾರ ಬರುತ್ತದೆ, ಬಂದರೆ.
ಸೋಡಾ ಲಾರಿ ದಿನವೂ.
ಆಂಬುಲೆನ್ಸ್ ಸೋತು ನಿಲ್ಲುವ ತಿರುವಿನಲ್ಲೂ
ಹಿಂದೆ ಸರಿದು, ಮುಂದೆ ಸರಿದು, ಏರಿಯೇಬಿಡುತ್ತದೆ
ಸೀಸೆಗಳು ಗಲಗಲ ನಗುತ್ತಿರಲು.
ಎರಡೂವರೆ ಲೀಟರು, ತಣ್ಣಗೆ, ಸಾಲಕ್ಕೂ ಸಿಗುತ್ತದೆ.
ಈ ಓಣಿಯಲ್ಲಿ ಕಟ್ಟುನಿಟ್ಟಾಗಿ ಬಾಯಿ ಕಟ್ಟಿರುವುದು
ಕೊಳಾಯಿ ಒಂದೇ.

ನಡೆಯಲೂಬಹುದು. ಎಲ್ಲಿ?
ಹನ್ನೊಂದು ಕಂಬಗಳಲ್ಲಿ ದೀಪ ಉರಿಯುವುದು ಎರಡರಲ್ಲಿ,
ಅವಕ್ಕೂ ಪರಸ್ಪರ ಮುಖ ಪರಿಚಯವಿಲ್ಲ.
ಕತ್ತಲಾದ ಮೇಲೆ ಕಾಲಿರುವುದು ನಡೆಯುವುದಕ್ಕಲ್ಲ,
ಬುದ್ಧಿ ಹೇಳುವುದಕ್ಕೆ.
ಚುನಾವಣೆಗೆ ಮುಂಚೆ ಗೋಡೆಗಳಿಗೆಲ್ಲ ಗುಲಾಬಿ ಬಣ್ಣ ಬಂತು;
ಇನ್ನೂರ ಹನ್ನೆರಡು ಮೆಟ್ಟಿಲಿಗೆ ಹಿಡಿಯಲು ಒಂದು ಕಂಬಿ ಬರಲಿಲ್ಲ.
ಮಕ್ಕಳ ಆಟದ ಬಯಲಿನಲ್ಲಿ ಈಗ ಬಸ್ಸುಗಳು ಮಲಗುತ್ತವೆ.
ಹಸಿ ಸೊಪ್ಪು ಬೇಕೆಂದರೆ ಎರಡು ವ್ಯಾನು ಹತ್ತಿಳಿಯಬೇಕು,
ಸೊಪ್ಪಿಗಿಂತ ಸೊಪ್ಪಿನ ದಾರಿ ತುಟ್ಟಿ.

ಇದನ್ನೆಲ್ಲ ಇತ್ಸೆಲ್‌ಗೆ ಒಮ್ಮೆ ಒದರಿದೆ.
ಅವಳು ಫಾರಂ ತಿರುಗಿಸಿ ತೋರಿಸಿದಳು:
ವಯಸ್ಸು, ತೂಕ, ತಂದೆಗೆ ಇತ್ತೆ, ತಾಯಿಗೆ ಇತ್ತೆ.
ಬೀದಿಗೆ ಇತ್ತೆ ಅಂತ ಕೇಳುವ ಜಾಗವಿಲ್ಲ, ಅಜ್ಜ, ಅಂದಳು.
ಅಂದು, ತನ್ನ ಬೂಟು ನೋಡಿಕೊಂಡಳು.
ಹಿಮ್ಮಡಿಯ ಹೊರಗೆ ಸವೆತ.
ಅವಳೂ ಮೇಲಿನವಳೇ.

ಮಾರ್ಚಿನಲ್ಲಿ ದೊಮಿತಿಲಾಳ ಬಲಗಾಲು ಹೋಯಿತು,
ಮೊಣಕಾಲಿನ ಕೆಳಗೆ.
ಏಳನೇ ಓಣಿಯ ಕ್ರಿಸಾಂತಾಳ ಎಡಗಾಲು
ಅದಕ್ಕೂ ಎರಡು ವರ್ಷ ಮೊದಲು.
ಕಳೆದ ಶನಿವಾರ ಇಬ್ಬರೂ ಬಂದರು,
ಒಬ್ಬಳಿಗೆ ಊರುಗೋಲು, ಒಬ್ಬಳಿಗೆ ಮೊಮ್ಮಗನ ಹೆಗಲು.
ನಮ್ಮಿಬ್ಬರದೂ ಇಪ್ಪತ್ತನಾಲ್ಕರ ಅಳತೆ, ಅಂದರು,
ಒಂದು ಜೋಡು ಸಾಕು. ಅರ್ಧ ಅರ್ಧ ದುಡ್ಡು.
ಬಣ್ಣಕ್ಕೆ ಜಗಳವಾಡಿದರು.
ಕಂದು ಕೊಳೆ ತೋರಿಸುವುದಿಲ್ಲ ಅಂತ ಇವಳು,
ಸಾಯುವ ಮುಂಚೆ ಒಮ್ಮೆ ಕೆಂಪು ಮೆಟ್ಟಬೇಕು ಅಂತ ಅವಳು.
ಕೆಂಪು ಗೆದ್ದಿತು.

ಕೊಡುವ ಮೊದಲು ಎರಡರೊಳಗೂ ಕೈ ತೂರಿಸಿ
ಮೂಲೆ ಮೂಲೆ ತಡವಿದೆ.
ಏನು ಹುಡುಕುತ್ತೀಯ, ಅಂದಳು ದೊಮಿತಿಲಾ.
ಆಗಲೂ ಹೇಳಲಿಲ್ಲ.

ಎಡದ್ದು ಇವಳಿಗೆ, ಬಲದ್ದು ಅವಳಿಗೆ.
ಎರಡು ಮನೆಗೆ ಹಂಚಿಕೊಂಡು ಒಂದು ಜೋಡು
ನಿಲ್ಲುತ್ತ, ನಿಲ್ಲುತ್ತ, ಮೆಟ್ಟಿಲು ಹತ್ತಿತು.

ಈಗ ಬಂದವರಿಗೆಲ್ಲ ಅನ್ನುತ್ತೇನೆ: ಚಪ್ಪಲಿ ಇರಲಿ, ಕಾಲು ತೋರಿಸು.
ಕೆಲವರು ಬೈಯುತ್ತಾರೆ.

ಆ ಮೊಳೆ ಇನ್ನೂ ನನ್ನ ಡಬ್ಬಿಯಲ್ಲಿದೆ.
ಎಸೆಯೋಣವೆಂದರೆ
ಎಲ್ಲಿಗೆ ಎಸೆಯಲಿ,
ಬೀದಿಗೇ ತಾನೆ.