ಆರು ಪೌಂಡಿಗೆ ಸ್ವಲ್ಪ ಕಮ್ಮಿ

ಆಲ್ಕೊಳ ಸರ್ಕಲ್ಲಿನಿಂದ ಸಾಗರ ರೋಡಿಗೆ ತಿರುಗಿದರೆ
ಎಡಕ್ಕೆ ನೇತಾಡುವ ಟೈರೇ ನನ್ನ ಬೋರ್ಡು.
ಅದರ ಮೇಲೆ ಸುಣ್ಣದಲ್ಲಿ ಬರೆದಿತ್ತು, ದಸ್ತಗೀರ್.
ಈಗ 'ಗೀರ್' ಅಷ್ಟೇ ಉಳಿದಿದೆ,
ಗಿರಾಕಿಗಳಿಗೆ ಅಷ್ಟು ಸಾಕು.

ಕ್ಲೆಮೆನ್ಸಿಯಾ ಸಿಸ್ಟರ್ ಆಟೋದಿಂದ ಇಳಿದರು,
ಕಂಕುಳಲ್ಲಿ ನೀಲಿ ಡ್ರಮ್ಮಿನ ಮುಚ್ಚಳ.
"ಇದಕ್ಕೊಂದು ತೂತು ಹಾಕಿಕೊಡು ಮಾರಾಯ,
ಗಾಳಿ ಮಾತ್ರ ಹೋಗಬಾರದು."
ಮೂವತ್ತೊಂದು ವರ್ಷದ ಕಸುಬಿನಲ್ಲಿ
ತೂತು ಮುಚ್ಚು ಅಂದವರೇ ಎಲ್ಲ.

ವಿಷಯ ಇಷ್ಟು: ಶುಂಠಿ, ಬೆಲ್ಲ, ನಿಂಬೆ, ಚಿಟಿಕೆ ಈಸ್ಟು,
ಮೂವತ್ತು ಲೀಟರು ನೀರು. ಬಿಗಿದಿಟ್ಟರೆ
ಹತ್ತು ದಿನಕ್ಕೆ ನಾಲಿಗೆ ಮೇಲೆ ಚಟಪಟ.
ಹೋದ ಏಪ್ರಿಲ್ಲಿನ ಸೆಕೆಯಲ್ಲಿ, ಬೆಳಗಿನ ಜಾವ,
ಡ್ರಮ್ಮು ತಾನೇ ಬಾಯಿಬಿಟ್ಟಿತು.
ಅಡುಗೆಮನೆಯ ತಾರಸಿಗೆ ಹಾರಿದ ಶುಂಠಿ ನಾರು
ಇನ್ನೂ ಅಂಟಿಕೊಂಡೇ ಇದೆಯಂತೆ.
ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದ್ದರಂತೆ.
"ಒಳಗೆ ಎಷ್ಟಿದೆ ಅಂತ ಗೊತ್ತಾದರೆ ಸಾಕು.
ಮೀಟರಿಗೆ ಮೂರು ಸಾವಿರ ಹೇಳ್ತಾನೆ,
ನನ್ನ ಪೆನ್ಷನ್ನು ಶುಂಠಿಗೇ ಸಾಲದು."

ಸ್ಕೂಟರಿನ ವಾಲ್ವ್ ಎರಡು, ಮುಚ್ಚಳಕ್ಕೆ ಬಿಗಿದೆ.
ಹಳೇ ಟ್ಯೂಬು ಕತ್ತರಿಸಿ ವಾಷರು; ಅದು ಪುಕ್ಕಟೆ.
ವಾರ ಬಿಟ್ಟು ಗೋಪಾಳಕ್ಕೆ ಹೋಗಿ ಗೇಜು ಒತ್ತಿದೆ.
ಮುಳ್ಳು ಅಲ್ಲಾಡಲಿಲ್ಲ.
ಮತ್ತೆ ಒತ್ತಿದೆ. ಗೇಜಿನ ಬೆನ್ನಿಗೊಂದು ಏಟು ಕೊಟ್ಟೆ.
ಊಹುಂ.
ಲಾರಿಗಳ ನೂರಹತ್ತು ಪೌಂಡು ಕೇಳಿ ಕೇಳಿ
ಕಿವಿ ಮಂದವಾದ ಗೇಜು ಅದು.
ಡ್ರಮ್ಮಿನದೋ ಬರೀ ಪಿಸುಮಾತು:
ಮೂರು ಪೌಂಡು, ನಾಲ್ಕು; ಆರು ದಾಟಿದರೆ
ಮತ್ತೆ ತಾರಸಿ.

ಒಳಗೆ ಟ್ರಂಕು ಎಳೆದ ಸದ್ದು.
ಹೊರಗೆ ಬಂದದ್ದು ಬಿಪಿ ನೋಡುವ ಪಟ್ಟಿ,
ಬಟ್ಟೆ ಹರಿದಿದೆ, ಡಯಲ್ಲು ಮಾತ್ರ ಲಕಲಕ.
"ಮುನ್ನೂರರ ತನಕ ಓದುತ್ತೆ. ಆಗುತ್ತಾ ನೋಡು."
ಔಷಧಿ ಚೀಟಿಯ ಬೆನ್ನಿಗೆ ಲೆಕ್ಕ ಹಾಕಿದೆವು.
ಪಾದರಸದ ಮುನ್ನೂರು ಅಂದರೆ
ಆರು ಪೌಂಡಿಗೆ ಸ್ವಲ್ಪ ಕಮ್ಮಿ.
ಅಳತೆ ಕೊಟ್ಟು ಹೊಲಿಸಿದ ಹಾಗೆ!

ಕತ್ತರಿ ಎತ್ತಿದೆ. "ತಡಿ," ಅಂದರು. "ಕೈ ಚಾಚು."
ಹರಿದ ಪಟ್ಟಿಗೆ ಸೇಫ್ಟಿ ಪಿನ್ನು,
ಸ್ಟೆತಸ್ಕೋಪು ಇಲ್ಲ, ಮಣಿಕಟ್ಟಿನ ನಾಡಿ ಹಿಡಿದೇ
ಗಾಳಿ ಏರಿಸಿದರು, ಇಳಿಸಿದರು.
ಎಷ್ಟು ಟ್ಯೂಬಿಗೆ ಗಾಳಿ ತುಂಬಿದ್ದೇನೋ ಲೆಕ್ಕವಿಲ್ಲ,
ನನ್ನ ತೋಳು ಟ್ಯೂಬಾದದ್ದು ಅವತ್ತೇ ಮೊದಲು.
ಏನೂ ಹೇಳಲಿಲ್ಲ. ಕ್ಯಾಲೆಂಡರಿನಲ್ಲಿ ಬರೆದರು: ೧೭೮.
ಆ ಡಯಲ್ಲು ಕಂಡ ಮನುಷ್ಯರಲ್ಲಿ
ನಾನೇ ಕೊನೆಯವನು.

ಒಂದು ವಾಲ್ವಿನ ಪಿನ್ನು ಕಳಚಿ
ರಬ್ಬರ್ ನಳಿಗೆ ತೂರಿಸಿ ಕ್ಲಿಪ್ಪು ಬಿಗಿದೆ.
ಇನ್ನೊಂದರ ಪಿನ್ನು ಹಾಗೇ ಬಿಟ್ಟೆ,
ಕಡ್ಡಿಯಲ್ಲಿ ಒತ್ತಿದರೆ ಉಸಿರು ಬಿಡಲಿ ಅಂತ.
ಸುತ್ತ ಸೋಪಿನ ನೊರೆ ಬಳಿದು
ಕುಕ್ಕರಗಾಲಲ್ಲಿ ಕೂತು ಕಾದೆ. ಗುಳ್ಳೆ ಏಳಲಿಲ್ಲ.
ಎಲ್ಲ ಸೇರಿ ಎಪ್ಪತ್ತು ರೂಪಾಯಿ.
ನೂರು ಕೊಟ್ಟು, ಮೂವತ್ತು ಎಣಿಸಿಕೊಂಡರು.

ನಾನದನ್ನು ಕುಡಿಯುವವನಲ್ಲ. ಅವರೂ ಬಲವಂತ ಮಾಡಿದವರಲ್ಲ.
ಆದರೂ ಭಾನುವಾರ ಪೂಜೆ ಮುಗಿಸಿ ಅವರು ಬರುವಷ್ಟರಲ್ಲಿ
ಅವರ ಗೇಟಿನ ಹತ್ತಿರ ನನ್ನ ಸೈಕಲ್ಲು ಇರುತ್ತದೆ.
ಕ್ಯಾಲೆಂಡರಿನ ತುಂಬ ಡ್ರಮ್ಮಿನ ಅಂಕಿ:
೯೦, ೧೪೦, ೨೧೦.
ನಡುವೆ ಕೆಂಪು ಶಾಯಿಯ ನನ್ನದೊಂದು.

ಮೊನ್ನೆ ೨೬೦. ಕಡ್ಡಿ ಕೈಗೆ ಕೊಟ್ಟರು, ಒತ್ತಿದೆ.
ಸುಯ್ಯೆಂದು ಮೂಗಿಗೆ ಶುಂಠಿ ಖಾರ,
ಕಣ್ಣಲ್ಲಿ ನೀರು.
ಮುಳ್ಳು ಮೆಲ್ಲಗೆ ಹಿಂದೆ ಸರಿಯುತ್ತಿತ್ತು.
ಅದರ ಮೇಲಿಂದ ಕಣ್ಣು ತೆಗೆಯದೆಯೇ ಸಿಸ್ಟರ್ ಕೇಳಿದರು:
"ಮಾತ್ರೆ ತಗೊಂಡ್ಯಾ?"